ಎಂಜಿನ್ ಕುದಿಯುವುದೇಕೆ?

ಹಳೆಯ ಅಂಬಾಸಡರ್ ಕಾರೊಂದು ಬಾನೆಟ್ ತೆರೆದುಕೊಂಡು, ಉಗಿ ಕಾರುತ್ತ ರಸ್ತೆಯ ಬದಿಗೆ ನಿಂತಿರುವ ನೋಟ ಆಗುಂಬೆ, ಚಾರ್ಮಾಡಿ ಘಟ್ಟಗಳನ್ನು ಹತ್ತಿದವರಿಗೆ ಹೊಸದಲ್ಲ. ಉತ್ತರಪಾರದ ಕಾರ್ಖಾನೆಯಲ್ಲಿ ಅದರ ತಯಾರಿಕೆ 2014ರಲ್ಲಿಯೇ ನಿಂತರೂ ಅದನ್ನು ಅಕ್ಕರೆಯಿಂದ ಉಳಿಸಿಕೊಂಡವರು ಇನ್ನೂ ಇದ್ದಾರೆ. ಕಾರು ಕುದಿದೊಡನೆ ಸುತ್ತ ನೆರೆದವರಲ್ಲಿ ಒಬ್ಬರು ರೇಡಿಯೇಟರನ್ನು ದೂರುತ್ತಾರೆ, ಇನ್ನೊಬ್ಬರು ಪಂಪನ್ನು. ತರ್ಕಶಾಸ್ತ್ರದ ತರಗತಿಯಲ್ಲಿ ಹೊಗೆಯಿಂದ ಬೆಂಕಿಯನ್ನು ಊಹಿಸುವುದನ್ನು ನಾವು ಕಲಿತಿದ್ದೇವೆ. ಇಲ್ಲಿಯ ತೊಡಕೆಂದರೆ, ಒಂದೇ ಉಗಿಗೆ ಹಲವು ಕಾರಣಗಳುಂಟು.

ಪೆಟ್ರೋಲಿನ ಶಾಖದಲ್ಲಿ ಸುಮಾರು ಕಾಲುಭಾಗ ಮಾತ್ರ ಚಲನೆಯಾಗುತ್ತದೆ. ಉಳಿದುದರಲ್ಲಿ ಬಹುಪಾಲು ಹೊಗೆಕೊಳವೆಯಿಂದಲೂ ತಂಪಿನ ನೀರಿನ ಮೂಲಕವೂ ಹೊರಹೋಗಬೇಕು. ಪಂಪು ನೀರನ್ನು ಸುತ್ತಿಸುತ್ತದೆ; ರೇಡಿಯೇಟರಿನಲ್ಲಿ ಗಾಳಿ ಅದನ್ನು ತಣಿಸುತ್ತದೆ. ಮುಚ್ಚಳದ ಸ್ಪ್ರಿಂಗು ಒತ್ತಡವನ್ನು ಹಿಡಿದಿಡುವುದರಿಂದ ನೀರು ನೂರು ಡಿಗ್ರಿ ಸೆಂಟಿಗ್ರೇಡಿಗೆ ಕುದಿಯುವುದಿಲ್ಲ. 7 ಪೌಂಡಿನ ಮುಚ್ಚಳವಿದ್ದರೆ ಸುಮಾರು 111 ಡಿಗ್ರಿಯವರೆಗೆ ತಡೆಯುತ್ತದೆ. ಆ ಸ್ಪ್ರಿಂಗು ಸೋತರೆ ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿರುವ ಮಡಿಕೇರಿಯಲ್ಲಿ 96ಕ್ಕೇ ಕುದಿತ ಮೊದಲಾಗುತ್ತದೆ. ಅಗ್ಗದ ಮುಚ್ಚಳವೊಂದನ್ನು ಬದಲಾಯಿಸಬೇಕಾದಲ್ಲಿ ರೇಡಿಯೇಟರನ್ನೇ ಬದಲಾಯಿಸುವವರು ಇರುವುದು ಹೀಗೆ.

ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆ, ಎಂಜಿನ್ ಯಾವಾಗ ಕಾಯುತ್ತದೆ ಎಂಬುದು. ಪೇಟೆಯ ಜನಸಂದಣಿಯಲ್ಲಿ ನಿಂತಾಗ ಕಾದು, ಬಯಲು ರಸ್ತೆಯಲ್ಲಿ ಓಡುವಾಗ ತಣಿದರೆ ಕೊರತೆ ಗಾಳಿಯದು. ಫ್ಯಾನಿನ ಬೆಲ್ಟನ್ನು ನಡುವೆ ಒತ್ತಿ ನೋಡಬೇಕು. ಅರ್ಧ ಅಂಗುಲಕ್ಕಿಂತ ಬಹಳ ಹೆಚ್ಚು ತಗ್ಗಿದರೆ ಸಡಿಲವೆಂದು ತಿಳಿಯಬೇಕು. ಫ್ಯಾನು, ಪಂಪು, ಡೈನಮೋ ಮೂರಕ್ಕೂ ಒಂದೇ ಬೆಲ್ಟು. ಅದು ಕಡಿದರೆ ಡೈನಮೋದ ಕೆಂಪು ದೀಪ ಹೊತ್ತಿಕೊಳ್ಳುತ್ತದೆ; ಆಗ ಮುಂದೆ ಓಡಿಸಬಾರದು.

ಇದಕ್ಕೆ ವಿರುದ್ಧವಾಗಿ, ವೇಗವಾಗಿ ಓಡುವಾಗಲೇ ಕಾದರೆ ದೋಷ ನೀರಿನ ಹರಿವಿನಲ್ಲಿದೆ. ಬೋರ್‌ವೆಲ್ಲಿನ ಗಡಸು ನೀರನ್ನು ವರ್ಷಗಟ್ಟಲೆ ತುಂಬಿದರೆ, ಮನೆಯ ನೀರೊಲೆಯ ಹಂಡೆಯಲ್ಲಿ ಕಟ್ಟುವಂತೆಯೇ ರೇಡಿಯೇಟರಿನ ನಳಿಗೆಗಳಲ್ಲೂ ಸುಣ್ಣ ಕಟ್ಟುತ್ತದೆ. ಎಂಜಿನ್ ನಿಲ್ಲಿಸಿ ರೇಡಿಯೇಟರಿನ ಮೇಲೆ ಎಚ್ಚರಿಕೆಯಿಂದ ಕೈಯಾಡಿಸಿದರೆ ಕಟ್ಟಿಕೊಂಡ ಭಾಗಗಳು ತಣ್ಣಗಿರುವುದು ತಿಳಿಯುತ್ತದೆ. ಕೆಳಗಿನ ರಬ್ಬರ್ ಕೊಳವೆ ಮೆತ್ತಗಾಗಿದ್ದರೆ ವೇಗದಲ್ಲಿ ಪಂಪಿನ ಸೆಳೆತಕ್ಕೆ ಚಪ್ಪಟೆಯಾಗಿ ನೀರನ್ನು ತಡೆಯುವುದೂ ಉಂಟು. ಕಾರು ನಿಂತಾಗ ಅದು ಮತ್ತೆ ಗುಂಡಗಾಗಿ ನಿರಪರಾಧಿಯಂತೆ ತೋರುತ್ತದೆ!

ಮುಳ್ಳು ಮೇಲೇರಿದರೂ ಮೇಲಿನ ಕೊಳವೆ ತಣ್ಣಗಿದ್ದರೆ ಥರ್ಮೋಸ್ಟಾಟಿನ ಮೇಲೆ ಸಂಶಯಪಡಬಹುದು. ಅದನ್ನು ಬಿಚ್ಚಿ, ಪಾತ್ರೆಯ ನೀರಿನಲ್ಲಿ ತೂಗಬಿಟ್ಟು ಕಾಯಿಸಿದರೆ, ಅದರ ಮೇಲೆ ಅಚ್ಚಾದ ಉಷ್ಣಮಾನದ ಹತ್ತಿರ, ಸಾಮಾನ್ಯವಾಗಿ 80 ಡಿಗ್ರಿಯ ಆಸುಪಾಸಿನಲ್ಲಿ, ಬಾಯಿ ತೆರೆಯಬೇಕು. "ನಮ್ಮ ಸೀಮೆಗೆ ಇದೇಕೆ?" ಎಂದು ಅದನ್ನು ಕಿತ್ತೆಸೆಯುವ ರೂಢಿ ನನಗೆ ಒಪ್ಪಿಗೆಯಾಗದು. ಎಂಜಿನ್ ಸದಾ ತಣ್ಣಗೆ ಓಡಿದರೆ ಸಿಲಿಂಡರು ಬೇಗ ಸವೆಯುತ್ತದೆ.

ಗಾಳಿ, ನೀರು ಎರಡೂ ಸರಿಯಿದ್ದು, ಕಾರು ಏರಿನಲ್ಲಿ ಬಲಗುಂದಿ ಕಾದರೆ ಕಿಡಿ ತಡವಾಗಿ ಹಾರುತ್ತಿರಬಹುದು. ಡಿಸ್ಟ್ರಿಬ್ಯೂಟರನ್ನು ಸರಿಹೊಂದಿಸುವುದು ಕೆಲವು ನಿಮಿಷಗಳ ಕೆಲಸ.

ಮುಳ್ಳನ್ನೂ ಪೂರ್ತಿ ನಂಬಲಾಗದು. ನೀರೆಲ್ಲ ಆರಿಹೋದರೆ ಉಷ್ಣವನ್ನಳೆಯುವ ಬುರುಡೆ ಬರಿದಾಗಿ ಮುಳ್ಳು ಇಳಿಯಬಹುದು. ಚಾಲಕನು ತಣಿಯಿತೆಂದು ಹರ್ಷಿಸುವಷ್ಟರಲ್ಲಿ ಎಂಜಿನ್ ಹಾಳಾಗಿರುತ್ತದೆ. ಕಾದಿರುವಾಗ ಮುಚ್ಚಳ ತೆರೆದರೆ ಮುಖ ಬೇಯುತ್ತದೆ. ಒಣಗಿದ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ಡು ಬಿರಿಯಬಹುದು. ಅರ್ಧ ಗಂಟೆಗೂ ಮೀರಿ ಕಾಯುವುದೊಂದೇ ದಾರಿ.

ಕೊನೆಯದು ಹೆಡ್ ಗ್ಯಾಸ್ಕೆಟ್. ತಣ್ಣಗಿರುವ ಎಂಜಿನ್ನಿನ ಬೆಲ್ಟು ತೆಗೆದು, ರೇಡಿಯೇಟರನ್ನು ಬಾಯಿಮಟ್ಟ ತುಂಬಿ, ಮುಚ್ಚಳ ಹಾಕದೆ ಒಂದು ನಿಮಿಷ ನಡೆಸಬೇಕು. ನೀರು ಬಿಸಿಯಾಗುವ ಮೊದಲೇ ಗುಳ್ಳೆಗಳು ಎಡೆಬಿಡದೆ ಎದ್ದರೆ, ಅದು ಸಿಲಿಂಡರಿನಿಂದ ನುಸುಳಿದ ಅನಿಲ. ಆಗ ಹೆಡ್ಡನ್ನು ಬಿಚ್ಚಲೇಬೇಕು. ಅದು ಬಾಗಿದೆಯೇ ಎಂದು ನೇರವಾದ ಉಕ್ಕಿನ ಪಟ್ಟಿಯಿಟ್ಟು ನೋಡದೆ ಹೊಸ ಗ್ಯಾಸ್ಕೆಟ್ ಕೂರಿಸಿದರೆ ಅದೂ ಬೇಗನೆ ಸುಟ್ಟುಹೋಗುತ್ತದೆ.