ಬೇಡವೆಂದ ಮೇಲೆ ಹೊಣೆ ಯಾರದು?

1993ರ ಸೆಪ್ಟೆಂಬರ್ 30. ಮರಾಠವಾಡದ ಹಳ್ಳಿಗಳಲ್ಲಿ ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಜನ ತಡವಾಗಿ ಮಲಗಿದ್ದರು. ನಸುಕಿನ ನಾಲ್ಕು ಗಂಟೆಗೆ ಇನ್ನೂ ಕೆಲವೇ ನಿಮಿಷ ಇರುವಾಗ ನೆಲ ನಡುಗಿತು. ಲಾತೂರು ಜಿಲ್ಲೆಯ ಕಿಲ್ಲಾರಿ, ಅಂದಿನ ಉಸ್ಮಾನಾಬಾದ್ ಜಿಲ್ಲೆಯ ಸಾಸ್ತೂರು ಮತ್ತು ಸುತ್ತಲ ಹತ್ತಾರು ಹಳ್ಳಿಗಳು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಲ್ಲುಮಣ್ಣಿನ ರಾಶಿಯಾದವು. ಗಡಿಯ ಈಚೆಗಿನ ನಮ್ಮ ಬೀದರ್, ಕಲಬುರ್ಗಿ ಜಿಲ್ಲೆಗಳ ಜನರೂ ಬೆದರಿ ಮನೆಯಿಂದ ಹೊರಗೋಡಿ ಬಂದರು. ಸತ್ತವರು ಎಂಟರಿಂದ ಹತ್ತು ಸಾವಿರ.

ಕಂಪನದ ತೀವ್ರತೆ ರಿಕ್ಟರ್ ಮಾಪಕದಲ್ಲಿ 6ಕ್ಕಿಂತ ತುಸು ಹೆಚ್ಚು. ಇಷ್ಟೇ ತೀವ್ರತೆಯ ಭೂಕಂಪಗಳು ಜಪಾನಿನಲ್ಲಿ ಸಂಭವಿಸಿ, ಬೆರಳೆಣಿಕೆಯ ಸಾವುಗಳೊಂದಿಗೆ ಮುಗಿದುಹೋಗಿರುವುದುಂಟು. ಇಲ್ಲಿ ಜನರನ್ನು ಕೊಂದದ್ದು ಅವರದೇ ಮನೆಗಳು. ಕಾಡುಕಲ್ಲನ್ನು ಮಣ್ಣಿನಿಂದ ಕಟ್ಟಿದ ದಪ್ಪ ಗೋಡೆ, ಅದರ ಮೇಲೆ ತೊಲೆ ಜಂತಿಗಳು, ಬಿಸಿಲಿನ ಝಳ ತಡೆಯಲೆಂದು ಅವುಗಳ ಮೇಲೆ ಹೊರಿಸಿದ ಮಣ್ಣಿನ ಹೊರೆ. ನಮ್ಮ ಉತ್ತರ ಕರ್ನಾಟಕದ ಮಾಳಿಗೆ ಮನೆಗಳ ಜಾತಿಯವೇ ಅವು. ಬಿಸಿಲಿಗೆ ತಂಪು, ನಡುಕಕ್ಕೆ ಮೃತ್ಯು. ಇನ್ನೊಂದು ವಿಪರ್ಯಾಸವೆಂದರೆ, ದೇಶದ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಅತ್ಯಂತ ಸುರಕ್ಷಿತವೆನಿಸಿದ ಒಂದನೇ ವಲಯದಲ್ಲಿತ್ತು. 2002ರಲ್ಲಿ ನಕ್ಷೆಯನ್ನು ಪರಿಷ್ಕರಿಸಿದಾಗ ಆ ಒಂದನೇ ವಲಯವನ್ನೇ ಕೈಬಿಡಲಾಯಿತು.

ಇಂಥ ದುರಂತ ಎರಗಿದಾಗ ಜಗತ್ತಿನ ನಾನಾ ಕಡೆಗಳಿಂದ ನೆರವಿನ ಕೈಗಳು ಚಾಚುತ್ತವೆ. 1993ರಲ್ಲಿ ಭಾರತ ಆ ಕೈಗಳನ್ನು ಹಿಡಿಯಿತು. ಹನ್ನೊಂದು ವರ್ಷಗಳ ನಂತರ, ಸುನಾಮಿ ಬಂದಾಗ, ಬೇಡವೆಂದಿತು. 2018ರಲ್ಲಿ ಕೇರಳ ಮುಳುಗಿದಾಗಲೂ ಬೇಡವೆಂದಿತು. ಯಾಕೆ? ಹಾಗೆಂದದ್ದು ಸರಿಯೇ? ಇದಕ್ಕೆ ಉತ್ತರ ಹುಡುಕುವ ಮುನ್ನ ನೆರವು ಎಂದರೇನು ಎಂಬುದನ್ನು ಬಿಡಿಸಿ ನೋಡಬೇಕು.

ನೆರವು ಮೂರು ಬಗೆ

ಮೊದಲನೆಯದು ಜೀವ ಉಳಿಸುವ ನೆರವು. ವೈದ್ಯರು, ಅವಶೇಷಗಳಡಿ ಸಿಕ್ಕವರನ್ನು ಹುಡುಕುವ ತಂಡಗಳು, ಡೇರೆ, ಕಂಬಳಿ, ಔಷಧಿ ಈ ಬಗೆಗೆ ಸೇರುತ್ತವೆ. ಮಣ್ಣಿನಡಿ ಸಿಕ್ಕವರು ಬದುಕಿ ಬರುವ ಸಾಧ್ಯತೆ ಮೊದಲ ಮೂರು ದಿನಗಳ ನಂತರ ಬಹಳ ಬೇಗ ಕುಸಿಯುತ್ತದೆ. ಸಾಗರ ದಾಟಿ ಬರುವ ತಂಡಗಳು ಕೆಲಸಕ್ಕಿಳಿಯುವಷ್ಟರಲ್ಲಿ ಆ ಗಡುವು ಮುಗಿಯುತ್ತ ಬಂದಿರುತ್ತದೆ. ಆದ್ದರಿಂದಲೇ ಯಾವುದೇ ಭೂಕಂಪದಲ್ಲಿ ಬದುಕುಳಿದವರಲ್ಲಿ ಬಹುಪಾಲು ಜನರನ್ನು ಹೊರಗೆಳೆದವರು ನೆರೆಹೊರೆಯವರೇ ಆಗಿರುತ್ತಾರೆ.

ಎರಡನೆಯದು ದಾನ. ಸರ್ಕಾರಗಳು, ಸಂಘಸಂಸ್ಥೆಗಳು, ಜನಸಾಮಾನ್ಯರು ಕೊಡುವ ಹಣ ಮತ್ತು ಸಾಮಗ್ರಿ. ಹಿಂತಿರುಗಿಸಬೇಕಿಲ್ಲ. ಆದರೆ ದಾನವೂ ಕೆಲವೊಮ್ಮೆ ಹೊರೆಯಾಗುವುದುಂಟು. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯ ರಸ್ತೆಗಳ ಬದಿಯಲ್ಲಿ ಹಳೆಯ ಬಟ್ಟೆಗಳ ರಾಶಿ ಬಿದ್ದಿತ್ತು. ಮೀನುಗಾರರಿಗೆ ಬೇಕಾಗಿದ್ದುದು ದೋಣಿ ಮತ್ತು ಬಲೆ. ಬಂದದ್ದು ಅನ್ಯರು ಉಟ್ಟು ಬಿಟ್ಟ ಬಟ್ಟೆ.

ಮೂರನೆಯದು ಸಾಲ. ವಿಶ್ವಬ್ಯಾಂಕ್, ಏಷ್ಯಾ ಅಭಿವೃದ್ಧಿ ಬ್ಯಾಂಕ್‌ಗಳು ಪುನರ್ವಸತಿಗಾಗಿ ಕೊಡುವ ದೀರ್ಘಾವಧಿಯ ಹಣ. ಪತ್ರಿಕೆಗಳ ತಲೆಬರಹದಲ್ಲಿ ಇದೂ 'ನೆರವು' ಎಂದೇ ಅಚ್ಚಾಗುತ್ತದೆ. ಆದರೆ ಇದನ್ನು ತೀರಿಸುವವರು ನಾವೇ. ಸುನಾಮಿಯ ನಂತರ ಭಾರತ ಬೇಡವೆಂದದ್ದು ಬೇರೆ ಸರ್ಕಾರಗಳ ನೇರ ನೆರವನ್ನು. ವಿಶ್ವಬ್ಯಾಂಕಿನ ಬಾಗಿಲನ್ನು ಆಗಲೂ ಮುಚ್ಚಲಿಲ್ಲ. ಈ ವ್ಯತ್ಯಾಸ ತಿಳಿಯದೆ ಹೋದರೆ ಇಡೀ ಚರ್ಚೆ ಗೊಂದಲಮಯವಾಗುತ್ತದೆ.

ಕೇಳಿದರೆ ಮಾತ್ರ

ನೆರವು ನೀಡುವವರು ತಾವಾಗಿಯೇ ಒಂದು ದೇಶದೊಳಕ್ಕೆ ನುಗ್ಗುವಂತಿಲ್ಲ. ವಿಶ್ವಸಂಸ್ಥೆಯ ಮಹಾಸಭೆ 1991ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ 46/182ನೇ ನಿರ್ಣಯ ಇದನ್ನು ಸ್ಪಷ್ಟಪಡಿಸಿದೆ. ಸಂತ್ರಸ್ತರ ಹೊಣೆ ಮೊದಲು ಅವರದೇ ಸರ್ಕಾರದ್ದು. ಹೊರಗಿನ ನೆರವು ಆ ದೇಶದ ಒಪ್ಪಿಗೆಯೊಂದಿಗೆ, ತಾತ್ವಿಕವಾಗಿ ಅದರ ಮನವಿಯ ಮೇರೆಗೆ ಬರಬೇಕು. ದೊಡ್ಡ ದೇಶಗಳು ಕರುಣೆಯ ಹೆಸರಿನಲ್ಲಿ ಸಣ್ಣ ದೇಶಗಳೊಳಗೆ ಕಾಲಿಡದಿರಲಿ ಎಂಬ ಎಚ್ಚರ ಇದರ ಹಿಂದಿದೆ.

ಆದರೆ ಈ ಹಕ್ಕು ನಿರ್ದಯಿ ಆಡಳಿತಗಾರರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದನ್ನು 2008ರಲ್ಲಿ ಮ್ಯಾನ್ಮಾರ್ ತೋರಿಸಿತು. ಆ ವರ್ಷ ಮೇ ತಿಂಗಳ ಮೊದಲ ವಾರ ನರ್ಗಿಸ್ ಚಂಡಮಾರುತ ಐರಾವತಿ ನದಿಯ ಮುಖಜ ಭೂಮಿಯನ್ನು ಕೊಚ್ಚಿಹಾಕಿತು. ಭಾರತದ ಹವಾಮಾನ ಇಲಾಖೆ ಎರಡು ದಿನ ಮೊದಲೇ ಎಚ್ಚರಿಸಿತ್ತು. ಸತ್ತವರು ಮತ್ತು ಕಾಣೆಯಾದವರ ಸಂಖ್ಯೆ ಸುಮಾರು 1 ಲಕ್ಷ 38 ಸಾವಿರ. ಅಮೆರಿಕ, ಫ್ರಾನ್ಸ್‌ಗಳ ಹಡಗುಗಳು ನೆರವು ಹೊತ್ತು ಕಡಲಲ್ಲಿ ಕಾದು ನಿಂತವು. ದಡಕ್ಕೆ ಬರಲು ಸೇನಾ ಸರ್ಕಾರ ಬಿಡಲಿಲ್ಲ. ವಿದೇಶಿ ಕಾರ್ಯಕರ್ತರಿಗೆ ವೀಸಾ ಸಿಗಲಿಲ್ಲ. ಹೆಣಗಳು ನೀರಿನಲ್ಲಿ ತೇಲುತ್ತಿದ್ದಾಗಲೇ, ಮೇ 10ರಂದು, ದೇಶದ ಬಹುಭಾಗದಲ್ಲಿ ಹೊಸ ಸಂವಿಧಾನದ ಬಗ್ಗೆ ಜನಮತಗಣನೆ ನಡೆಯಿತು. ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಬಾನ್ ಕಿ ಮೂನ್ ಖುದ್ದಾಗಿ ಹೋಗಿ ಸೇನಾ ಮುಖ್ಯಸ್ಥ ಥಾನ್ ಶ್ವೆ ಅವರೊಂದಿಗೆ ಮಾತನಾಡಿದ ಮೇಲಷ್ಟೇ ಬಾಗಿಲು ಸ್ವಲ್ಪ ತೆರೆಯಿತು. ಅಷ್ಟರಲ್ಲಿ ಮೂರು ವಾರ ಕಳೆದಿದ್ದವು.

ನೆರವು ಬೇಡವೆನ್ನುವವರೆಲ್ಲ ಒಂದೇ ಅಲ್ಲ. ತನ್ನ ಜನರನ್ನು ತಾನೇ ನೋಡಿಕೊಳ್ಳಬಲ್ಲೆ ಎಂದು ಬೇಡವೆನ್ನುವುದು ಒಂದು. ಒಳಗಿನ ಸ್ಥಿತಿ ಹೊರಗಿನವರ ಕಣ್ಣಿಗೆ ಬೀಳಬಾರದೆಂದು ಬೇಡವೆನ್ನುವುದು ಇನ್ನೊಂದು.

ಭಾರತದ ದಾರಿ

ಭಾರತ ಬಹುಕಾಲ ಪಡೆಯುವ ದೇಶವಾಗಿತ್ತು. ಲಾತೂರಿನ ನಂತರ ಪ್ರಧಾನಿ ಪಿ.ವಿ. ನರಸಿಂಹ ರಾವ್ ಅವರ ಸರ್ಕಾರ ವಿದೇಶಿ ನೆರವನ್ನು ಸ್ವೀಕರಿಸಿತು. 2001ರ ಗಣರಾಜ್ಯ ದಿನದ ಬೆಳಿಗ್ಗೆ ಗುಜರಾತಿನ ಕಛ್ ಕುಸಿದಾಗಲೂ ಅನೇಕ ದೇಶಗಳ ತಂಡಗಳು ಬಂದವು. ಕಾರ್ಗಿಲ್ ಯುದ್ಧ ಮುಗಿದು ಎರಡು ವರ್ಷವೂ ಆಗಿರದ ಆ ಹೊತ್ತಿನಲ್ಲಿ ಪಾಕಿಸ್ತಾನದ ವಿಮಾನವೂ ಡೇರೆ, ಕಂಬಳಿ ಹೊತ್ತು ಬಂದಿತ್ತು.

ತಿರುವು ಬಂದದ್ದು 2004ರ ಡಿಸೆಂಬರ್ 26ರ ಸುನಾಮಿಯಲ್ಲಿ. ಭಾರತದಲ್ಲಿ 10 ಸಾವಿರಕ್ಕೂ ಹೆಚ್ಚು ಜನ ಸತ್ತರು. ಪರಿಸ್ಥಿತಿಯನ್ನು ನಾವೇ ನಿಭಾಯಿಸಬಲ್ಲೆವು, ಅಗತ್ಯ ಬಿದ್ದರೆ ಕೇಳುತ್ತೇವೆ ಎಂಬ ನಿಲುವನ್ನು ಪ್ರಧಾನಿ ಮನಮೋಹನ್ ಸಿಂಗ್ ಪ್ರಕಟಿಸಿದರು. ಅದೇ ಹೊತ್ತಿಗೆ ಭಾರತದ ನೌಕಾಪಡೆಯ ಹಡಗುಗಳು ಶ್ರೀಲಂಕಾ, ಮಾಲ್ಡೀವ್ಸ್, ಇಂಡೋನೇಷ್ಯಾಗಳತ್ತ ನೆರವು ಒಯ್ದವು. ಮರುವರ್ಷ ಕತ್ರಿನಾ ಚಂಡಮಾರುತ ಬಡಿದಾಗ ಅಮೆರಿಕಕ್ಕೇ ಭಾರತ 50 ಲಕ್ಷ ಡಾಲರ್ ಕೊಟ್ಟಿತು. ವಾಯುಪಡೆಯ ವಿಮಾನವೊಂದು 25 ಟನ್ ಸಾಮಗ್ರಿ ಇಳಿಸಿ ಬಂತು. 2023ರಲ್ಲಿ ತುರ್ಕಿಯ ಭೂಕಂಪಕ್ಕೆ, 2025ರಲ್ಲಿ ಮ್ಯಾನ್ಮಾರ್‌ನ ಭೂಕಂಪಕ್ಕೆ ನಮ್ಮ ರಕ್ಷಣಾ ತಂಡಗಳು ಧಾವಿಸಿದವು.

ಇದನ್ನು ಬರಿಯ ಬಿಗುಮಾನ ಎಂದು ತಳ್ಳಿಹಾಕುವಂತಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆ, ಅದರಡಿ ರೂಪುಗೊಂಡ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಇವೆಲ್ಲ ಈ ಆತ್ಮವಿಶ್ವಾಸಕ್ಕೆ ಬೆನ್ನೆಲುಬಾದವು. ಒಡಿಶಾದ ಉದಾಹರಣೆ ನೋಡಿ. 1999ರ ಮಹಾ ಚಂಡಮಾರುತ ಅಲ್ಲಿ ಸುಮಾರು 10 ಸಾವಿರ ಜನರನ್ನು ಬಲಿ ತೆಗೆದುಕೊಂಡಿತು. 2013ರಲ್ಲಿ ಫೈಲಿನ್ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಸಾವಿನ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ದುರಂತದ ನಂತರ ಬರುವ ಯಾವ ವಿಮಾನವೂ ಇಷ್ಟು ಜೀವ ಉಳಿಸಲಾರದು.

ಕೇರಳದ ಪ್ರಶ್ನೆ

2018ರ ಆಗಸ್ಟ್‌ನಲ್ಲಿ ಕೇರಳದಲ್ಲಿ ಶತಮಾನದಲ್ಲೇ ಕಂಡರಿಯದಂಥ ಪ್ರವಾಹ ಬಂತು. ನಾನೂರಕ್ಕೂ ಹೆಚ್ಚು ಜನ ಸತ್ತರು. ಸಂಯುಕ್ತ ಅರಬ್ ಎಮಿರೇಟ್ಸ್ 700 ಕೋಟಿ ರೂಪಾಯಿ ಕೊಡಲು ಮುಂದೆ ಬಂದಿದೆ ಎಂದು ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಹೇಳಿದರು. ಮೊತ್ತವನ್ನು ಅಧಿಕೃತವಾಗಿ ಪ್ರಕಟಿಸಿಲ್ಲ ಎಂದು ಆ ದೇಶದ ರಾಯಭಾರಿ ನಂತರ ಸ್ಪಷ್ಟೀಕರಣ ನೀಡಿದರು. ಕೊಲ್ಲಿಯಲ್ಲಿ ದುಡಿಯುವ ಲಕ್ಷಾಂತರ ಮಲಯಾಳಿಗಳ ಬೆವರಿನ ನೆನಪು ಆ ಮಾತಿನ ಹಿಂದಿತ್ತು. ಕೇಂದ್ರ ಸರ್ಕಾರ ಮಾತ್ರ, ಚಾಲ್ತಿಯಲ್ಲಿರುವ ನೀತಿಯಂತೆ ದೇಶೀಯ ಪ್ರಯತ್ನಗಳ ಮೂಲಕವೇ ಪರಿಹಾರ ಒದಗಿಸಲಾಗುವುದು ಎಂದಿತು. ಅನಿವಾಸಿ ಭಾರತೀಯರು ಪರಿಹಾರ ನಿಧಿಗೆ ಹಣ ಕಳುಹಿಸಲು ಅಡ್ಡಿಯಿರಲಿಲ್ಲ.

ವಾದ ಹುಟ್ಟಿದ್ದು ಇಲ್ಲಿ. 2016ರ ರಾಷ್ಟ್ರೀಯ ವಿಪತ್ತು ನಿರ್ವಹಣಾ ಯೋಜನೆಯ ಪ್ರಕಾರ ಭಾರತ ನೆರವಿಗಾಗಿ ಮನವಿ ಮಾಡುವುದಿಲ್ಲ. ಆದರೆ ಇನ್ನೊಂದು ದೇಶ ಸೌಹಾರ್ದದ ಕುರುಹಾಗಿ ತಾನೇ ಮುಂದೆ ಬಂದರೆ ಕೇಂದ್ರ ಸ್ವೀಕರಿಸಬಹುದು. ಎಂದರೆ, ನೀತಿ ಬಾಗಿಲಿಗೆ ಬೀಗ ಹಾಕಿಲ್ಲ. ಚಿಲಕ ಮಾತ್ರ ಹಾಕಿದೆ. ತೆಗೆಯುವ ಅಧಿಕಾರ ಕೇಂದ್ರದ್ದು. 2021ರಲ್ಲಿ ಕೋವಿಡ್ ಎರಡನೇ ಅಲೆಯ ವೇಳೆ ಆಮ್ಲಜನಕಕ್ಕಾಗಿ ಜನ ಪರದಾಡಿದಾಗ ಆ ಚಿಲಕವನ್ನು ತೆಗೆಯಲಾಯಿತು. ಹತ್ತಾರು ದೇಶಗಳಿಂದ ಆಮ್ಲಜನಕ ಉಪಕರಣಗಳು ಬಂದವು. 2025ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಪರಿಹಾರ ನಿಧಿಗೆ ವಿದೇಶಿ ದೇಣಿಗೆ ಪಡೆಯುವ ಅನುಮತಿ ಸಿಕ್ಕಾಗ, ನಮಗೇಕೆ ಇಲ್ಲ ಎಂದು ಕೇರಳ ಕೇಳಿದ್ದು ಸಹಜವೇ ಆಗಿತ್ತು.

ಹೊರಗಿನವರಿಗೆ ಬೇಡವೆಂದ ಮೇಲೆ ಒಳಗಿನ ಹೊಣೆ ಇಮ್ಮಡಿಯಾಗುತ್ತದೆ. ಕೇರಳದ ಪುನರ್ನಿರ್ಮಾಣಕ್ಕೆ ಸುಮಾರು 31 ಸಾವಿರ ಕೋಟಿ ರೂಪಾಯಿ ಬೇಕೆಂದು ಅಂದಾಜಾಗಿತ್ತು. ಪ್ರವಾಹದ ಬೆನ್ನಲ್ಲೇ ಕೇಂದ್ರ ಕೊಟ್ಟದ್ದು 600 ಕೋಟಿ. ಆ ನಂತರ ಮತ್ತಷ್ಟು ಹಣ ಬಂತಾದರೂ ಅಂತರ ತುಂಬಲಿಲ್ಲ. ಕರ್ನಾಟಕಕ್ಕೂ ಇದು ಗೊತ್ತಿರುವ ಕಥೆಯೇ. 2023ರಲ್ಲಿ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಘೋಷಿಸಿದ ರಾಜ್ಯ, ಪರಿಹಾರ ತಡವಾಯಿತೆಂದು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಕೇಳಿದ್ದು 18 ಸಾವಿರ ಕೋಟಿಗೂ ಹೆಚ್ಚು. ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು 3,454 ಕೋಟಿ. ಎಷ್ಟು ಕೊಡಬೇಕಿತ್ತು ಎಂಬ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಆದರೆ ಒಣಗಿದ ಹೊಲದ ರೈತನ ಪರಿಹಾರ ನ್ಯಾಯಾಲಯದ ಕಡತವಾಗುವುದು ಯಾವ ಸ್ವಾಭಿಮಾನಕ್ಕೂ ಶೋಭೆಯಲ್ಲ.

ಕಿಲ್ಲಾರಿ ಕಲಿಸಿದ್ದು

ಹಣ ಬಂದರೆ ಸಾಲದು, ಅದು ಹೇಗೆ ಖರ್ಚಾಗುತ್ತದೆ ಎಂಬುದೂ ಮುಖ್ಯ. ಈ ಪಾಠಕ್ಕೆ ಮತ್ತೆ ಕಿಲ್ಲಾರಿಗೇ ಹೋಗಬೇಕು.

ಅಲ್ಲಿನ ಪುನರ್ವಸತಿಗೆ ವಿಶ್ವಬ್ಯಾಂಕ್ 1994ರಲ್ಲಿ ಸುಮಾರು 24.6 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಪೂರ್ತಿ ನೆಲಸಮವಾದ 52 ಹಳ್ಳಿಗಳನ್ನು ಹೊಸ ಜಾಗಗಳಿಗೆ ಸ್ಥಳಾಂತರಿಸಲಾಯಿತು. ಭೂಮಿ ಎಷ್ಟಿತ್ತು ಎಂಬುದರ ಮೇಲೆ ಮನೆಯ ಅಳತೆ ನಿಗದಿಯಾಯಿತು. ಭೂಹೀನರಿಗೆ, ಸಣ್ಣ ಹಿಡುವಳಿದಾರರಿಗೆ 250 ಚದರಡಿ. ದೊಡ್ಡ ಹಿಡುವಳಿದಾರರಿಗೆ 750 ಚದರಡಿ. ಭೂಕಂಪ ಎಲ್ಲರನ್ನೂ ಒಂದೇ ಸಮ ಮಾಡಿದರೂ ಪರಿಹಾರ ಹಳೆಯ ಏಣಿಯನ್ನು ಮತ್ತೆ ನಿಲ್ಲಿಸಿತು.

ಹೊಸ ಊರುಗಳ ನಕ್ಷೆ ನಗರದ ಬಡಾವಣೆಯಂತಿತ್ತು. ನೇರ ಅಗಲ ರಸ್ತೆಗಳು, ಸಾಲು ಸಾಲು ಕಾಂಕ್ರೀಟ್ ಮನೆಗಳು. ಓಣಿ ಇಲ್ಲ, ಕಟ್ಟೆ ಇಲ್ಲ, ದನ ಕಟ್ಟಲು, ಮೇವು ಒಟ್ಟಲು ತಕ್ಕ ಜಾಗವಿಲ್ಲ. ಅನೇಕರಿಗೆ ಹೊಲ ದೂರವಾಯಿತು. ಮನೆ ಸಿಕ್ಕಿತು, ಊರು ಸಿಗಲಿಲ್ಲ.

ಇದೇ ಯೋಜನೆಯ ಇನ್ನೊಂದು ಭಾಗ ಬೇರೆಯೇ ದಾರಿ ಹಿಡಿಯಿತು. ಕಡಿಮೆ ಹಾನಿಯಾದ ಹಳ್ಳಿಗಳಲ್ಲಿ ಸುಮಾರು ಎರಡು ಲಕ್ಷ ಮನೆಗಳ ದುರಸ್ತಿ ಮತ್ತು ಬಲಪಡಿಸುವ ಕೆಲಸವನ್ನು ಮನೆಯವರ ಕೈಗೇ ಕೊಡಲಾಯಿತು. ಹಣ ಕಂತುಗಳಲ್ಲಿ ಬಂತು. ಎಂಜಿನಿಯರ್‌ಗಳು ಸಲಹೆ ಕೊಟ್ಟರು. ಪ್ರೇಮಾ ಗೋಪಾಲನ್ ಅವರ 'ಸ್ವಯಂ ಶಿಕ್ಷಣ ಪ್ರಯೋಗ' ಸಂಸ್ಥೆಯ ನೆರವಿನಿಂದ ಹಳ್ಳಿಯ ಮಹಿಳೆಯರೇ ಸರ್ಕಾರ ಮತ್ತು ಜನರ ನಡುವಿನ ಸಂವಾದ ಸಹಾಯಕಿಯರಾದರು. ಸಿಮೆಂಟಿಗೆ ಎಷ್ಟು ಮರಳು ಬೆರೆಸಬೇಕು, ಗೋಡೆಗೆ ಎಲ್ಲಿ ಪಟ್ಟಿ ಕಟ್ಟಬೇಕು ಎಂಬುದನ್ನು ಕಲಿತು ಗೌಂಡಿಗಳನ್ನೇ ಪ್ರಶ್ನಿಸಿದರು. 2001ರ ನಂತರ ಗುಜರಾತ್ ಇದೇ ಮಾರ್ಗವನ್ನು ದೊಡ್ಡ ಪ್ರಮಾಣದಲ್ಲಿ ಅನುಸರಿಸಿತು. ಲಾತೂರಿನ ಮಹಿಳೆಯರು ಕಛ್‌ಗೆ ಹೋಗಿ ಅಲ್ಲಿಯವರಿಗೆ ತಮ್ಮ ಅನುಭವ ಹೇಳಿದರು.

ನಾವು ಈ ಪಾಠವನ್ನು ಅಷ್ಟಾಗಿ ಕಲಿಯಲಿಲ್ಲ. 2009ರಲ್ಲಿ ಕೃಷ್ಣಾ, ತುಂಗಭದ್ರಾ, ಮಲಪ್ರಭಾ ತೀರದ ಹಳ್ಳಿಗಳನ್ನು ನೆರೆ ಮುಳುಗಿಸಿದಾಗ, ದಾನಿಗಳ ಸಹಕಾರದಿಂದ 'ಆಸರೆ' ಯೋಜನೆಯಡಿ ಸಾವಿರಾರು ಮನೆಗಳೆದ್ದವು. ಅವುಗಳಲ್ಲಿ ಎಷ್ಟೋ ಮನೆಗಳು ವರ್ಷಗಟ್ಟಲೆ ಖಾಲಿ ಬಿದ್ದವು. ಕಾರಣಗಳು ಕಿಲ್ಲಾರಿಯವೇ: ಹೊಲ ದೂರ, ಜಾಗ ಇಕ್ಕಟ್ಟು, ದನಕರುಗಳಿಗೆ ನೆಲೆಯಿಲ್ಲ.

ಹೀಗಾಗಿ, ವಿದೇಶಿ ನೆರವು ಬೇಕೋ ಬೇಡವೋ ಎಂಬುದು ಅರ್ಧ ಪ್ರಶ್ನೆ ಮಾತ್ರ. ಮನೆ ಕಳೆದುಕೊಂಡವರಿಗೆ ಹಣ ಅಬುಧಾಬಿಯಿಂದ ಬಂತೋ ದೆಹಲಿಯಿಂದ ಬಂತೋ ಎಂಬುದಕ್ಕಿಂತ, ಹೊತ್ತಿಗೆ ಬಂತೇ, ಬಂದಾಗ ತಮ್ಮನ್ನು ಒಂದು ಮಾತು ಕೇಳಿದರೇ ಎಂಬುದು ದೊಡ್ಡದು. ಬೇಡವೆನ್ನುವ ಹಕ್ಕು ಸರ್ಕಾರಕ್ಕಿದೆ. ಹಾಗೆ ಹೇಳಿದ ದಿನದಿಂದಲೇ ಸಂತ್ರಸ್ತನ ಮನೆಬಾಗಿಲಿಗೆ ಹೋಗಬೇಕಾದ ಸಾಲವೊಂದು ಅದರ ಲೆಕ್ಕಕ್ಕೆ ಸೇರುತ್ತದೆ. ಆ ಸಾಲಕ್ಕೆ ದೀರ್ಘಾವಧಿಯ ಕಂತುಗಳಿಲ್ಲ.