ವಿ ವರ್ ಲಯರ್ಸ್ (ಕಾದಂಬರಿ)

ವಿ ವರ್ ಲಯರ್ಸ್ ಅಮೆರಿಕದ ಲೇಖಕಿ ಇ. ಲಾಕ್‌ಹಾರ್ಟ್ ಅವರು ಇಂಗ್ಲಿಷಿನಲ್ಲಿ ರಚಿಸಿದ, ಹದಿಹರೆಯದ ಓದುಗರನ್ನು ಉದ್ದೇಶಿಸಿದ ಮನೋವೈಜ್ಞಾನಿಕ ರೋಚಕ ಕಾದಂಬರಿ. ಶೀರ್ಷಿಕೆಗೆ 'ನಾವು ಸುಳ್ಳುಗಾರರಾಗಿದ್ದೆವು' ಎಂದರ್ಥ. ಡೆಲಾಕೋರ್ಟ್ ಪ್ರೆಸ್ ಇದನ್ನು 2014ರ ಮೇ ತಿಂಗಳಿನಲ್ಲಿ ಪ್ರಕಟಿಸಿತು. ಅಪಘಾತವೊಂದರ ಬಳಿಕ ನೆನಪು ಕಳೆದುಕೊಂಡ ಹುಡುಗಿಯೇ ಇಲ್ಲಿ ಕಥೆ ಹೇಳುತ್ತಾಳೆ. ಅವಳ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದೆಂಬ ಪ್ರಶ್ನೆಯೇ ಕೃತಿಯ ಕುತೂಹಲದ ಮೂಲವಾಗಿದೆ.

ಲೇಖಕಿ

ಇ. ಲಾಕ್‌ಹಾರ್ಟ್ ಎಂಬುದು ಎಮಿಲಿ ಜೆಂಕಿನ್ಸ್ ಅವರ ಕಾವ್ಯನಾಮ. 1967ರಲ್ಲಿ ಜನಿಸಿದ ಇವರು ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದಿದ್ದಾರೆ. ಚಿಕ್ಕ ಮಕ್ಕಳ ಪುಸ್ತಕಗಳನ್ನು ಸ್ವಂತ ಹೆಸರಿನಲ್ಲಿಯೂ ಹದಿಹರೆಯದವರ ಕಾದಂಬರಿಗಳನ್ನು ಕಾವ್ಯನಾಮದಲ್ಲಿಯೂ ಬರೆದಿದ್ದಾರೆ.

ಹಿನ್ನೆಲೆ ಮತ್ತು ಪಾತ್ರಗಳು

ಮ್ಯಾಸಚೂಸೆಟ್ಸ್ ಕರಾವಳಿಯಾಚೆಗಿನ ಬೀಚ್‌ವುಡ್ ಎಂಬ ಕಾಲ್ಪನಿಕ ದ್ವೀಪದಲ್ಲಿ ಕಥೆ ನಡೆಯುತ್ತದೆ. ಇಡೀ ದ್ವೀಪ ಶ್ರೀಮಂತ ಸಿಂಕ್ಲೇರ್ ಕುಟುಂಬದ ಸ್ವತ್ತು. ಮನೆತನದ ಹಿರಿಯ ಹ್ಯಾರಿಸ್ ಸಿಂಕ್ಲೇರ್‌ಗೆ ಕ್ಯಾರಿ, ಪೆನ್ನಿ ಮತ್ತು ಬೆಸ್ ಎಂಬ ಮೂವರು ಹೆಣ್ಣುಮಕ್ಕಳು. ಹ್ಯಾರಿಸ್ ವಾಸಿಸುವ ಕ್ಲೇರ್‌ಮಾಂಟ್ ಎಂಬ ದೊಡ್ಡ ಮನೆಯಲ್ಲದೆ, ಮಗಳೊಬ್ಬಳಿಗೆ ಒಂದರಂತೆ ಮೂರು ಮನೆಗಳು ದ್ವೀಪದಲ್ಲಿವೆ. ಪ್ರತಿ ಬೇಸಿಗೆಯಲ್ಲಿ ಎಲ್ಲರೂ ಅಲ್ಲಿ ಸೇರುತ್ತಾರೆ.

ನಿರೂಪಕಿ ಕೇಡೆನ್ಸ್, ಪೆನ್ನಿಯ ಮಗಳು. ಅವಳ ದೊಡ್ಡಮ್ಮನ ಮಗ ಜಾನಿ, ಚಿಕ್ಕಮ್ಮನ ಮಗಳು ಮಿರೆನ್ ಹಾಗೂ ಭಾರತೀಯ ಮೂಲದ ಗ್ಯಾಟ್ ಪಾಟೀಲ್ ಅವಳ ಒಡನಾಡಿಗಳು. ಗ್ಯಾಟ್, ಕ್ಯಾರಿಯ ಸಂಗಾತಿ ಎಡ್‌ನ ಅಣ್ಣನ ಮಗ. ಈ ನಾಲ್ವರನ್ನು ಮನೆಯವರು 'ಲಯರ್ಸ್' ಎಂದು ಕರೆಯುತ್ತಾರೆ.

ಕಥಾಸಾರ

(ಈ ಭಾಗದಲ್ಲಿ ಕಾದಂಬರಿಯ ಅಂತ್ಯದ ವಿವರಗಳಿವೆ.)

ಹದಿನೈದನೆಯ ವಯಸ್ಸಿನ ಬೇಸಿಗೆಯಲ್ಲಿ ಕೇಡೆನ್ಸ್ ಕಡಲತೀರದಲ್ಲಿ ಒಂಟಿಯಾಗಿ, ಅರೆಪ್ರಜ್ಞಾವಸ್ಥೆಯಲ್ಲಿ ಪತ್ತೆಯಾಗುತ್ತಾಳೆ. ಏನಾಯಿತೆಂಬುದು ಅವಳಿಗೆ ನೆನಪಿಲ್ಲ. ಅಂದಿನಿಂದ ತೀವ್ರವಾದ ತಲೆನೋವು ಅವಳನ್ನು ಕಾಡುತ್ತದೆ. ಮುಂದಿನ ಬೇಸಿಗೆಯನ್ನು ತಂದೆಯೊಂದಿಗೆ ಯೂರೋಪಿನಲ್ಲಿ ಕಳೆಯುತ್ತಾಳೆ. ಹದಿನೇಳನೆಯ ವಯಸ್ಸಿನಲ್ಲಿ ದ್ವೀಪಕ್ಕೆ ಮರಳಿದಾಗ ಹಳೆಯ ಕ್ಲೇರ್‌ಮಾಂಟ್ ಇದ್ದ ಜಾಗದಲ್ಲಿ ಹೊಸ ಮನೆ ನಿಂತಿರುತ್ತದೆ. ಗೆಳೆಯರೊಂದಿಗೆ ದಿನ ಕಳೆಯುತ್ತಾ ಅವಳು ನೆನಪುಗಳನ್ನು ಒಂದೊಂದಾಗಿ ಜೋಡಿಸುತ್ತಾಳೆ.

ಅಜ್ಜಿ ಟಿಪ್ಪರ್ ತೀರಿಕೊಂಡ ಮೇಲೆ ಆಸ್ತಿಗಾಗಿ ಮೂವರು ಸಹೋದರಿಯರ ನಡುವೆ ಜಗಳ ಬೆಳೆದಿತ್ತು. ಹ್ಯಾರಿಸ್ ಅವರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತಿದ್ದ; ತಾಯಂದಿರು ತಮ್ಮ ಪರವಾಗಿ ಅಜ್ಜನಲ್ಲಿ ಮಾತನಾಡುವಂತೆ ಮಕ್ಕಳನ್ನು ಒತ್ತಾಯಿಸುತ್ತಿದ್ದರು. ಜಗಳದ ಕೇಂದ್ರವಾದ ಕ್ಲೇರ್‌ಮಾಂಟ್ ಇಲ್ಲವಾದರೆ ಕುಟುಂಬ ಉಳಿಯುತ್ತದೆಂದು ನಂಬಿದ ನಾಲ್ವರು, ಹಿರಿಯರು ದ್ವೀಪದಲ್ಲಿಲ್ಲದ ರಾತ್ರಿ ಅದಕ್ಕೆ ಬೆಂಕಿ ಹಚ್ಚಿದರು. ಕೇಡೆನ್ಸ್ ಕೆಳಅಂತಸ್ತಿನಲ್ಲಿ ಹೊತ್ತಿಸಿದ ಬೆಂಕಿ ಬೇಗನೆ ಹಬ್ಬಿತು. ಒಳಗಿದ್ದ ಉಳಿದ ಮೂವರೂ ಮನೆಯ ಎರಡು ನಾಯಿಗಳೂ ಸತ್ತರು. ಹದಿನೇಳನೆಯ ಬೇಸಿಗೆಯಲ್ಲಿ ಅವಳೊಂದಿಗೆ ಮಾತನಾಡಿದ ಗೆಳೆಯರು ಎರಡು ವರ್ಷಗಳ ಹಿಂದೆಯೇ ತೀರಿಕೊಂಡವರು. ಅವರು ಪ್ರೇತಗಳೋ ಅವಳ ಮನಸ್ಸಿನ ಸೃಷ್ಟಿಯೋ ಎಂಬುದನ್ನು ಓದುಗರು ಎರಡು ಬಗೆಯಲ್ಲಿಯೂ ಅರ್ಥೈಸಬಹುದು.

ನಿರೂಪಣಾ ತಂತ್ರ

ಕಥೆ ಹೇಳುವವರ ಮಾತನ್ನು ಪೂರ್ತಿಯಾಗಿ ನಂಬಲಾಗದಂತೆ ಕೃತಿಯನ್ನು ಹೆಣೆಯುವುದು ಹಳೆಯ ತಂತ್ರ. ಅಂಥವರನ್ನು 'ನಂಬಲಾಗದ ನಿರೂಪಕ' ಎಂದು ಮೊದಲು ಹೆಸರಿಸಿದವರು ಅಮೆರಿಕದ ವಿಮರ್ಶಕ ವೇಯ್ನ್ ಸಿ. ಬೂತ್, 1961ರ 'ದಿ ರೆಟರಿಕ್ ಆಫ್ ಫಿಕ್ಷನ್' ಗ್ರಂಥದಲ್ಲಿ ಅವರು ಇದನ್ನು ಚರ್ಚಿಸಿದರು. ಇಂತಹ ನಿರೂಪಕರಲ್ಲಿ ಕೆಲವರು ಬೇಕೆಂದೇ ಸುಳ್ಳು ಹೇಳುತ್ತಾರೆ. ಕೇಡೆನ್ಸ್ ಹಾಗಲ್ಲ, ಸಹಿಸಲಾಗದ ಸತ್ಯವನ್ನು ಅವಳ ಮನಸ್ಸೇ ಅವಳಿಂದ ಮುಚ್ಚಿಟ್ಟಿದೆ. ಆದ್ದರಿಂದ ಓದುಗರಿಗಿಂತ ಮೊದಲು ಮೋಸಹೋದವಳು ಅವಳೇ.

ಎಚ್ಚರಿಕೆಯ ಸುಳಿವುಗಳು ಆರಂಭದಿಂದಲೇ ಇವೆ. ತಂದೆ ಮನೆ ತೊರೆದ ದಿನವನ್ನು ವಿವರಿಸುವಾಗ, ಅವನು ತನಗೆ ಗುಂಡು ಹಾರಿಸಿದನೆಂದು ಕೇಡೆನ್ಸ್ ಹೇಳುತ್ತಾಳೆ. ಅದು ನಡೆದ ಸಂಗತಿಯಲ್ಲ, ನೋವಿನ ರೂಪಕ ಎಂಬುದು ಕೂಡಲೇ ತಿಳಿಯುತ್ತದೆ. ಅವಳು ಅನುಭವವನ್ನೂ ಘಟನೆಯನ್ನೂ ಬೆರೆಸಿ ಹೇಳುವವಳೆಂದು ಲೇಖಕಿ ಇಲ್ಲಿಯೇ ಸೂಚಿಸಿದ್ದಾರೆ. ಗೆಳೆಯರು ಅವಳ ಇಮೇಲ್‌ಗಳಿಗೆ ಉತ್ತರಿಸುವುದಿಲ್ಲ. ಮನೆಯವರ ಊಟಕ್ಕೆ ಬರುವುದಿಲ್ಲ. ಬೆಸ್‌ಳ ಮನೆಯಲ್ಲಿ ತಾವೇ ಉಳಿದುಕೊಳ್ಳುತ್ತಾರೆ. ಆ ಮನೆಯಲ್ಲಿ ದೆವ್ವವಿದೆಯೆಂದು ಮಿರೆನ್‌ಳ ಪುಟ್ಟ ತಮ್ಮ ಹೆದರುತ್ತಾನೆ. ಮೊದಲ ಓದಿಗೆ ಸಹಜವೆನಿಸುವ ಈ ವಿವರಗಳು ಮರುಓದಿನಲ್ಲಿ ಬೇರೆಯೇ ಅರ್ಥ ಪಡೆಯುತ್ತವೆ.

ಗದ್ಯ ಹಲವೆಡೆ ಕವಿತೆಯಂತೆ ಚಿಕ್ಕ ಸಾಲುಗಳಾಗಿ ಒಡೆಯುತ್ತದೆ. ರಾಜ ಮತ್ತು ಅವನ ಮೂವರು ಹೆಣ್ಣುಮಕ್ಕಳ ಅಜ್ಜಿಕಥೆಯನ್ನು ಕೇಡೆನ್ಸ್ ಬಗೆಬಗೆಯಾಗಿ ಮತ್ತೆ ಮತ್ತೆ ಹೇಳುತ್ತಾಳೆ. ನೇರವಾಗಿ ಹೇಳಲಾಗದ ಕುಟುಂಬದ ಸತ್ಯಗಳು ಈ ಕಥೆಗಳ ಮೂಲಕ ಹೊರಬರುತ್ತವೆ. ಶೇಕ್ಸ್‌ಪಿಯರ್‌ನ 'ಕಿಂಗ್ ಲಿಯರ್' ನಾಟಕದ ನೆರಳೂ ಇಲ್ಲಿದೆ.

ಆಶಯ

ಶೀರ್ಷಿಕೆಯ ಸುಳ್ಳು ಮಕ್ಕಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ದುಃಖವನ್ನು ತೋರಿಸಬಾರದು, ಎಲ್ಲವೂ ಸರಿಯಿರುವಂತೆ ನಡೆದುಕೊಳ್ಳಬೇಕು ಎಂಬುದು ಸಿಂಕ್ಲೇರ್ ಮನೆತನದ ರೀತಿ. ಪತಿ ತೊರೆದಾಗ ಪೆನ್ನಿ ಅವನ ಗುರುತುಗಳನ್ನೆಲ್ಲ ಮನೆಯಿಂದ ಹೊರಹಾಕುತ್ತಾಳೆ. ಸತ್ತ ಅಜ್ಜಿಯ ಹೆಸರನ್ನೂ ಯಾರೂ ಎತ್ತುವುದಿಲ್ಲ. ಹೀಗೆ ಮೌನವನ್ನೇ ಕಲಿತು ಬೆಳೆದ ಹುಡುಗಿಯ ಮರೆವು ಆ ಮೌನದ ಮುಂದುವರಿಕೆಯಾಗಿ ಕಾಣುತ್ತದೆ. ತಾಯಿ ಸತ್ಯವನ್ನು ಹಲವು ಬಾರಿ ತಿಳಿಸಿದ್ದರೂ ಕೇಡೆನ್ಸ್ ಪ್ರತಿ ಸಲ ಮರೆತಿದ್ದಳು. ತಾನಾಗಿಯೇ ನೆನಪಿಸಿಕೊಳ್ಳಲಿ ಎಂಬುದು ವೈದ್ಯರ ಸಲಹೆಯಾಗಿತ್ತು.

ಗ್ಯಾಟ್ ಹೊರಗಿನವನ ಕಣ್ಣಿನಿಂದ ಈ ಕುಟುಂಬವನ್ನು ನೋಡುತ್ತಾನೆ. ಬಿಳಿಯನಲ್ಲದ ತನ್ನನ್ನೂ ಎಡ್‌ನನ್ನೂ ಹ್ಯಾರಿಸ್ ಎಂದಿಗೂ ಒಪ್ಪಲಾರನೆಂದು ಅವನು ಬಲ್ಲ. 'ವುದರಿಂಗ್ ಹೈಟ್ಸ್' ಕಾದಂಬರಿಯ ಹೀತ್‌ಕ್ಲಿಫ್‌ಗೆ ತನ್ನನ್ನು ಹೋಲಿಸಿಕೊಳ್ಳುತ್ತಾನೆ.

ಸ್ವೀಕೃತಿ ಮತ್ತು ರೂಪಾಂತರ

ಕಾದಂಬರಿಗೆ ಹದಿಹರೆಯದವರ ಸಾಹಿತ್ಯ ವಿಭಾಗದಲ್ಲಿ 2014ರ ಗುಡ್‌ರೀಡ್ಸ್ ಚಾಯ್ಸ್ ಪ್ರಶಸ್ತಿ ದೊರೆಯಿತು. ಇದರ ಪೂರ್ವಕಥೆಯಾದ 'ಫ್ಯಾಮಿಲಿ ಆಫ್ ಲಯರ್ಸ್' 2022ರಲ್ಲಿ ಪ್ರಕಟವಾಯಿತು; ಕ್ಯಾರಿಯ ಹರೆಯದ ದಿನಗಳ, 1987ರ ಬೇಸಿಗೆಯ ಕಥೆಯನ್ನು ಅವಳೇ ನಿರೂಪಿಸುತ್ತಾಳೆ. ಜೂಲಿ ಪ್ಲೆಕ್ ಮತ್ತು ಕರೀನಾ ಆಡ್ಲಿ ಮೆಕೆಂಝಿ ರೂಪಿಸಿದ ಎಂಟು ಕಂತುಗಳ ಧಾರಾವಾಹಿ 2025ರ ಜೂನ್ 18ರಂದು ಪ್ರೈಮ್ ವಿಡಿಯೋದಲ್ಲಿ ಬಿಡುಗಡೆಯಾಯಿತು. ಕೇಡೆನ್ಸ್ ಪಾತ್ರದಲ್ಲಿ ಎಮಿಲಿ ಆಲಿನ್ ಲಿಂಡ್, ಗ್ಯಾಟ್ ಪಾತ್ರದಲ್ಲಿ ಶುಭಂ ಮಹೇಶ್ವರಿ ನಟಿಸಿದ್ದಾರೆ.