ಸೇಬಿಗೆ ಬಂದ ನೊಣ

ಉತ್ತರ ಅಮೆರಿಕದ ಸೇಬು ಬೆಳೆಗಾರರ ನಿದ್ದೆಗೆಡಿಸುವ ನೊಣವೊಂದಿದೆ. ಹೆಸರು ರಾಗೋಲೆಟಿಸ್ ಪೊಮೊನೆಲ್ಲ. ಮನೆನೊಣಕ್ಕಿಂತ ಚಿಕ್ಕದು, ರೆಕ್ಕೆಯ ಮೇಲೆ ಕಪ್ಪು ಪಟ್ಟೆ. ಹೆಣ್ಣು ಹಣ್ಣಿನ ಸಿಪ್ಪೆ ಚುಚ್ಚಿ ಮೊಟ್ಟೆಯಿಡುತ್ತದೆ. ಹುಳು ತಿರುಳನ್ನು ಕೊರೆದು ಬೆಳೆಯುತ್ತದೆ. ಹಣ್ಣು ಉದುರಿದ ಮೇಲೆ ಮಣ್ಣಿಗಿಳಿದು, ಕೋಶದೊಳಗೆ ಚಳಿಗಾಲ ಕಳೆಯುತ್ತದೆ.

ಸೇಬು ಇದರ ಮೂಲ ಆಹಾರವಲ್ಲ. ಸೇಬು ಆ ನೆಲಕ್ಕೆ ಬಂದದ್ದೇ 17ನೇ ಶತಮಾನದಲ್ಲಿ, ಯುರೋಪಿನ ವಲಸಿಗರ ಜೊತೆ. ನೊಣ ಬಾಳುತ್ತಿದ್ದುದು ಹಾಥಾರ್ನ್ ಎಂಬ ಮುಳ್ಳುಮರದ ಪುಟ್ಟ ಕೆಂಪು ಹಣ್ಣಿನಲ್ಲಿ. 19ನೇ ಶತಮಾನದ ನಡುಭಾಗದಲ್ಲಿ ಹಡ್ಸನ್ ಕಣಿವೆಯ ಸೇಬಿಗೆ ಹುಳು ಬಿತ್ತು. ಇದು ಹೊಸ ಪ್ರಭೇದವೊಂದು ಹುಟ್ಟುತ್ತಿರುವ ಲಕ್ಷಣವಿರಬಹುದೆಂದು ಕೀಟತಜ್ಞ ಬೆಂಜಮಿನ್ ವಾಲ್ಶ್ 1860ರ ದಶಕದಲ್ಲೇ ಬರೆದರು. ಬೆಟ್ಟವೋ ಕಡಲೋ ಅಡ್ಡ ಬರದೆ ಒಂದು ಪ್ರಭೇದ ಎರಡಾಗದು ಎಂಬ ನಂಬಿಕೆ ಬಲವಾಗಿದ್ದ 1960ರ ದಶಕದಲ್ಲಿ ಗೈ ಬುಷ್ ಈ ನೊಣವನ್ನು ಮತ್ತೆ ಕೈಗೆತ್ತಿಕೊಂಡರು.

ಗುಟ್ಟಿರುವುದು ಕೂಡುವ ಜಾಗದಲ್ಲಿ. ಗಂಡು ಹಣ್ಣಿನ ಮೇಲೆಯೇ ಹೆಣ್ಣಿಗಾಗಿ ಕಾಯುತ್ತದೆ. ಹಾಗಾಗಿ ಸೇಬನ್ನು ಆರಿಸಿಕೊಂಡ ಹೆಣ್ಣಿಗೆ ಸಿಗುವುದು ಬಹುಮಟ್ಟಿಗೆ ಸೇಬಿನ ಗಂಡೇ. ಜೊತೆಗೆ ಕಾಲದ ಅಂತರ: ಸೇಬು ಹಾಥಾರ್ನ್‌ಗಿಂತ ಮೂರು ನಾಲ್ಕು ವಾರ ಮೊದಲೇ ಮಾಗುತ್ತದೆ, ರೆಕ್ಕೆ ಬಂದ ನೊಣ ಬದುಕುವುದು ಸುಮಾರು ಒಂದು ತಿಂಗಳು. ಸೇಬಿನ ನೊಣ ಬೇಗ ಎದ್ದು, ಹಾಥಾರ್ನ್ ನೊಣಗಳ ಸುಗ್ಗಿ ಬರುವಷ್ಟರಲ್ಲಿ ಮುದಿಯಾಗಿರುತ್ತದೆ. ಎರಡು ಮರಗಳ ನಡುವೆ ಹತ್ತು ಮಾರು ದೂರವಿದ್ದರೂ ಅವೆರಡರ ಭೇಟಿ ಅಪರೂಪ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸಿದ್ದು ವಾಸನೆಯ ಪ್ರಯೋಗ. ಸೇಬಿನ ನೊಣ ಸೇಬಿನ ಪರಿಮಳ ಹಿಡಿದು ಹಾರುತ್ತದೆ, ಹಾಥಾರ್ನ್ ವಾಸನೆಯಿಂದ ದೂರ ಸರಿಯುತ್ತದೆ. ಹಾಥಾರ್ನ್ ನೊಣದ್ದು ಇದಕ್ಕೆ ತದ್ವಿರುದ್ಧ. ಪ್ರಯೋಗಾಲಯದಲ್ಲಿ ಎರಡನ್ನೂ ಕೂಡಿಸಿ ಪಡೆದ ಮಿಶ್ರ ಸಂತಾನ ಸಾಮಾನ್ಯ ಪ್ರಮಾಣದ ಯಾವ ವಾಸನೆಗೂ ಸರಿಯಾಗಿ ಓಗೊಡಲಿಲ್ಲ. ಹಣ್ಣು ಸಿಗದ ನೊಣಕ್ಕೆ ಸಂಗಾತಿಯೂ ಇಲ್ಲ, ಮೊಟ್ಟೆಯಿಡಲು ನೆಲೆಯೂ ಇಲ್ಲ.

ಜೀನ್‌ಗಳಲ್ಲೂ ಬಿರುಕು ಮೂಡಿದೆಯೆಂದು ಜೆಫ್ರಿ ಫೆಡರ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದರು. ಆದರೂ ಪ್ರತಿ ಪೀಳಿಗೆಯಲ್ಲಿ ನೂರಕ್ಕೆ ನಾಲ್ಕರಿಂದ ಆರರಷ್ಟು ಬೆರಕೆ ನಡೆದೇ ಇದೆ. ಅದಕ್ಕೇ ಇವನ್ನು ಪ್ರಭೇದಗಳೆನ್ನದೆ ಒಂದೇ ಪ್ರಭೇದದ ಎರಡು ಬಳಗಗಳೆನ್ನುವುದು ರೂಢಿ. ಒಡಕು ಮಾತ್ರ ನೊಣದಲ್ಲಿಗೇ ನಿಂತಿಲ್ಲ. ಈ ಹುಳುಗಳೊಳಗೆ ಮೊಟ್ಟೆಯಿಟ್ಟು ಬದುಕುವ ಪರಾವಲಂಬಿ ಕಣಜವೂ ಹಣ್ಣಿಗೆ ತಕ್ಕಂತೆ ಕವಲೊಡೆಯುತ್ತಿದೆಯೆಂದು 2009ರಲ್ಲಿ ವರದಿಯಾಯಿತು.